ಎರಡು ತೂಬು, ಐವರು ಪಂಚರು ಮತ್ತು ನನ್ನ ಭಾನುವಾರ

ಎಲ್ಲವನ್ನೂ ಬರೆದಿಟ್ಟುಕೊಳ್ಳುವವರಿಗೆ ಸೋಲಿಲ್ಲ ಎಂದು ನಾನು ಈ ವರ್ಷದ ಜುಲೈ ತಿಂಗಳವರೆಗೂ ನಂಬಿದ್ದೆ.

ಹಾಸನದ ಒಂದು ಲ್ಯಾಬಿನಲ್ಲಿ ರಕ್ತಪರೀಕ್ಷೆಯ ವರದಿ ಟೈಪ್ ಮಾಡುವುದು ನನ್ನ ಉದ್ಯೋಗ. ಅಲ್ಲಿ ಪ್ರತಿಯೊಂದಕ್ಕೂ ಒಂದು ಅಂಕಿ, ಅಂಕಿಯ ಪಕ್ಕದಲ್ಲಿ ಅದರ ಮಿತಿ. ಆ ಚಾಳಿ ಮನೆಗೂ ಬಂದಿದೆ. ಗ್ಯಾಸ್ ಸಿಲಿಂಡರ್ ಬದಲಾಯಿಸಿದ ತಾರೀಖಿನಿಂದ ಹಿಡಿದು, ನನ್ನ ಗಂಡ ಪ್ರಕಾಶ ಫೋನಿನಲ್ಲಿ "ಇನ್ನೈದು ನಿಮಿಷ, ಬಂದೆ" ಎಂದು ಹೇಳಿ ನಿಜವಾಗಿ ಮನೆ ಮುಟ್ಟಲು ತೆಗೆದುಕೊಂಡ ಹೊತ್ತಿನವರೆಗೆ ಎಲ್ಲವೂ ನನ್ನ ದಿನಚರಿಯಲ್ಲಿದೆ. ಸರಾಸರಿ ನಲವತ್ತೊಂದು ನಿಮಿಷ.

ಭಾನುವಾರ ಮಾತ್ರ ನನ್ನದು. ಅಂತರ್ಜಾಲದಲ್ಲಿ ಕನ್ನಡದ್ದೊಂದು ವಿಶ್ವಕೋಶ ಇದೆ. ಯಾರು ಬೇಕಾದರೂ ಅದರಲ್ಲಿ ಬರೆಯಬಹುದು, ಒಬ್ಬರು ಬರೆದದ್ದನ್ನು ಇನ್ನೊಬ್ಬರು ತಿದ್ದಬಹುದು. ಸಂಬಳವಿಲ್ಲ, ಶಾಲು ಹೊದಿಸುವುದಿಲ್ಲ. ಎರಡು ವರ್ಷದಲ್ಲಿ ನಾನು ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಈ ನಾಲ್ಕು ತಾಲ್ಲೂಕುಗಳ ಕೆರೆ, ಗುಡಿ, ಹೋಬಳಿಗಳ ಬಗ್ಗೆ ನೂರ ಇಪ್ಪತ್ತಾರು ಪುಟ ಬರೆದಿದ್ದೆ. ನಾಲ್ಕೂ ತಾಲ್ಲೂಕುಗಳಿಂದ ಅಲ್ಲಿ ತಪ್ಪದೆ ಬರೆಯುವವರು ಎಷ್ಟು ಜನ ಎಂದು ಒಮ್ಮೆ ಎಣಿಸಿದೆ. ಒಬ್ಬರು.

ಅದು ನಾನೇ.

ಪ್ರಕಾಶನಿಗೆ ಸ್ಕೂಟರ್ ಬಿಡಿಭಾಗಗಳ ಅಂಗಡಿ ಇದೆ. ಒಂದು ಭಾನುವಾರ ಅವನ ತಾಳ್ಮೆ ಮುಗಿಯಿತು. "ವಾರಕ್ಕೊಂದು ದಿನ ನಾನು ಅಂಗಡಿ ಬಾಗ್ಲು ಹಾಕ್ತೀನಿ. ಅವತ್ತೇ ನೀನು ಲ್ಯಾಪ್‌ಟಾಪ್ ಬಾಗ್ಲು ತೆಗೀತೀಯ. ಅಷ್ಟು ಒಳ್ಳೆ ಕೆಲಸ ಆಗಿದ್ರೆ ಎರಡು ವರ್ಷದಿಂದ ಇನ್ನೊಬ್ರು ಯಾಕೆ ಬಂದಿಲ್ಲ, ಹೇಳು ಸುಧಾ."

"ಕರೆದಿಲ್ಲ ರೀ, ಅದಕ್ಕೆ ಬಂದಿಲ್ಲ. ಕರೆದ್ರೆ ಬರ್ತಾರೆ."

"ಕರಿ ನೋಡಣ."

ಆಗಿಂದಾಗಲೇ ದಿನಚರಿಯಲ್ಲಿ ಒಂದು ಕರಾರು ಬರೆದೆ. ನರಕ ಚತುರ್ದಶಿಯ ಎಣ್ಣೆಸ್ನಾನದ ಹೊತ್ತಿಗೆ ಐದು ಜನ ಹೊಸಬರು ಸತತ ನಾಲ್ಕು ವಾರ ಬರೆಯುತ್ತಿರತಕ್ಕದ್ದು. ಹಾಗಿದ್ದಲ್ಲಿ ಸದರಿ ಪ್ರಕಾಶನು ಪ್ರತಿ ಭಾನುವಾರ ತನ್ನ ಬೈಕಿನ ಹಿಂದಿನ ಸೀಟನ್ನು ವಿಶ್ವಕೋಶದ ಬರಹಗಾರರಿಗೆ ಬಿಟ್ಟುಕೊಟ್ಟು, ಅವರು ಹೇಳಿದ ಕೆರೆಗೂ ಗುಡಿಗೂ ಫೋಟೋ ತೆಗೆಯಲು ಕರೆದೊಯ್ಯತಕ್ಕದ್ದು. ತಪ್ಪಿದಲ್ಲಿ ಸದರಿ ಸುಧಾ ಭಾನುವಾರ ಲ್ಯಾಪ್‌ಟಾಪ್ ಮುಟ್ಟತಕ್ಕದ್ದಲ್ಲ. ಇಬ್ಬರೂ ಸಹಿ ಹಾಕಿದೆವು. ನನ್ನ ಭಾನುವಾರಗಳನ್ನೆಲ್ಲ ಪಣಕ್ಕಿಟ್ಟಿದ್ದೇನೆ ಎಂಬ ಅಳುಕು ಒಂಚೂರೂ ಇರಲಿಲ್ಲ. ಐದೇ ಜನ! ನಮ್ಮ ಬೀದಿಯ ನಲ್ಲಿಯ ಮುಂದೆ ಅದಕ್ಕಿಂತ ಹೆಚ್ಚು ಜನ ನಿಲ್ಲುತ್ತಾರೆ.

ದಿನಚರಿಯ ಒಂದು ಹೊಸ ಪುಟದಲ್ಲಿ ಮೂರು ಕಾಲಂ ಎಳೆದೆ. ಬಂದವರು, ಬರೆದವರು, ಉಳಿದವರು.

ಜುಲೈ ೬, ಭಾನುವಾರ. ಹೊಳೆನರಸೀಪುರ. ಪರಿಚಯದವರ ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ಕಾರ್ಯಾಗಾರ. ನನ್ನ ಹೆಸರು, ವಿಳಾಸ, ಫೋನ್ ನಂಬರ್ ಹಾಕಿದ ಕರಪತ್ರಗಳನ್ನು ಒಂದು ವಾರ ಮೊದಲೇ ನಾಲ್ಕು ತಾಲ್ಲೂಕಿನ ಬಸ್ ನಿಲ್ದಾಣಗಳಲ್ಲೂ ಅಂಟಿಸಿ ಬಂದಿದ್ದೆ. ಹತ್ತೊಂಬತ್ತು ಜನ ಬಂದರು. ನನ್ನ ಕಣ್ಣು ತುಂಬಿತು. ಆ ಭಾವಾವೇಶದಲ್ಲಿ ವಿಶ್ವಕೋಶದ ನೀತಿ, ನಿಯಮ, ಉಪನಿಯಮಗಳ ಬಗ್ಗೆ ಎರಡು ಗಂಟೆ ಹತ್ತು ನಿಮಿಷ ಮಾತನಾಡಿದೆ. ಏನನ್ನು ಬರೆಯಬಾರದು, ಹೇಗೆ ಬರೆಯಬಾರದು, ಯಾಕೆ ಬರೆಯಬಾರದು ಎಂಬುದನ್ನು ಸವಿಸ್ತಾರವಾಗಿ ತಿಳಿಸಿದೆ. ಹೇಗೆ ಬರೆಯಬೇಕು ಎಂಬುದಕ್ಕೆ ಬರುವಷ್ಟರಲ್ಲಿ ಪುಳಿಯೋಗರೆ ಬಂತು.

ಊಟವಾದ ಮೇಲೆ ಎಲ್ಲರಿಗೂ ಖಾತೆ ತೆರೆಯಲು ಹೊರಟೆ. ಆರು ಖಾತೆ ತೆರೆದವು. ಏಳನೆಯದಕ್ಕೆ ಯಂತ್ರ ಮುಷ್ಕರ ಹೂಡಿತು. ಕಿಡಿಗೇಡಿಗಳು ನುಗ್ಗಬಾರದೆಂದು, ಒಂದು ಇಂಟರ್‌ನೆಟ್ ಸಂಪರ್ಕದಿಂದ ದಿನಕ್ಕೆ ಆರೇ ಖಾತೆ ಎಂಬ ಮಿತಿ ಅಲ್ಲಿದೆ. ಇಷ್ಟೊಂದು ನಿಯಮ ಪಾಠ ಮಾಡಿದ ನನಗೆ ಈ ನಿಯಮ ಗೊತ್ತಿರಲಿಲ್ಲ! ಉಳಿದ ಹದಿಮೂರು ಜನ ನನ್ನನ್ನು ಮರುಕದಿಂದ ನೋಡಿ ಕೈ ತೊಳೆಯಲು ಹೋದರು. ಕೈ ತೊಳೆಯಲು ಹೋದವರು ಹಾಗೇ ಬಸ್ ಹತ್ತಿದರು. ಖಾತೆ ಸಿಕ್ಕ ಆರು ಜನರಿಗೂ ನಿಯಮಗಳ ಭಯ ಹಿಡಿದಿತ್ತು. ಬಂದವರು ಹತ್ತೊಂಬತ್ತು. ಬರೆದವರು ಸೊನ್ನೆ. ಪುಳಿಯೋಗರೆ ಎರಡನೇ ಸಲ ಹಾಕಿಸಿಕೊಂಡವರು ಹನ್ನೊಂದು.

ಆಗಸ್ಟ್ ೨, ಶನಿವಾರ. ಅರಕಲಗೂಡು. ಲ್ಯಾಬಿಗೆ ರಜೆ ಹಾಕಿ ಒಂದು ಕಾಲೇಜಿಗೆ ಹೋದೆ. ಈ ಸಲ ಭಾಷಣ ಬೇಡ, ಉತ್ತೇಜನ ಕೊಡೋಣ ಎಂದುಕೊಂಡು, ಐದು ತಿದ್ದುಪಡಿ ಮಾಡಿದವರಿಗೆ ಪ್ರಮಾಣಪತ್ರ ಎಂದು ಘೋಷಿಸಿದೆ. ಎಲ್ಲರ ಕೈಯಲ್ಲೂ ಮೊಬೈಲ್, ಎಲ್ಲರದೂ ಬೇರೆ ಬೇರೆ ಸಂಪರ್ಕ. ನಲವತ್ತಮೂರು ಜನರಿಗೆ ನಲವತ್ತಮೂರು ಖಾತೆ! ಗೆದ್ದೆ ಎಂದುಕೊಂಡು ಹೊರಗೆ ಹೋಗಿ ಒಂದು ಲೋಟ ಕಾಫಿ ಕುಡಿದು ಬಂದೆ. ಅಷ್ಟರಲ್ಲಿ ಮೊದಲ ಸಾಲಿನ ಹುಡುಗಿ ಎದ್ದು ನಿಂತಿದ್ದಳು.

"ಐದಾಯ್ತು ಮಿಸ್. ಸರ್ಟಿಫಿಕೇಟು?"

ನೋಡಿದೆ. ಅವಳು ಒಂದು ವಾಕ್ಯದ ಕೊನೆಗೆ ಪೂರ್ಣವಿರಾಮ ಹಾಕಿದ್ದಳು. ಆಮೇಲೆ ತೆಗೆದಿದ್ದಳು. ಮತ್ತೆ ಹಾಕಿದ್ದಳು, ಮತ್ತೆ ತೆಗೆದಿದ್ದಳು, ಮತ್ತೆ ಹಾಕಿದ್ದಳು. ಲೆಕ್ಕ ಸರಿಯಾಗಿ ಐದು. ನಿಯಮ ನಿಯಮವೇ. ಪ್ರಮಾಣಪತ್ರ ಕೊಟ್ಟೆ. ಆ ಉಪಾಯ ಬೆಂಚಿನಿಂದ ಬೆಂಚಿಗೆ ಹರಡಲು ಎರಡು ನಿಮಿಷ ಸಾಕಾಯಿತು. ಆ ದಿನ ಅರಕಲಗೂಡಿನಿಂದ ಕನ್ನಡ ವಿಶ್ವಕೋಶಕ್ಕೆ ಸಂದಾಯವಾದ ಒಟ್ಟು ಜ್ಞಾನ ನಲವತ್ತಮೂರು ಚುಕ್ಕೆ. ಉಳಿದವರು ಸೊನ್ನೆ.

ಆಗಸ್ಟ್ ೧೭, ಭಾನುವಾರ. ಚನ್ನರಾಯಪಟ್ಟಣ. ಪ್ರಕಾಶನ ಕಡೆಯ ಒಂದು ಮದುವೆ. ಪಂಕ್ತಿಯಲ್ಲಿ ಕೂತವರು ಎದ್ದು ಓಡುವುದಿಲ್ಲ ಎಂಬ ಸತ್ಯ ನನಗೆ ಅಲ್ಲಿ ಹೊಳೆಯಿತು. ಪಾಯಸ ಬಂದಲ್ಲಿಂದ ಮಜ್ಜಿಗೆ ಬರುವುದರೊಳಗೆ ಅಕ್ಕಪಕ್ಕದ ಮೂವರ ಮೊಬೈಲ್ ಇಸಿದುಕೊಂಡು, ನನ್ನ ಎಡಗೈಯಿಂದಲೇ ಅವರಿಗೆ ಖಾತೆ ತೆರೆದುಕೊಟ್ಟೆ. ಮರುವಾರ ಫೋನ್ ಮಾಡಿದರೆ, ಒಬ್ಬರು ಅದನ್ನು ವಿಮೆ ಅಂದುಕೊಂಡಿದ್ದರು. ಇನ್ನೊಬ್ಬರು ಚೀಟಿ ಅಂದುಕೊಂಡಿದ್ದರು. ಮೂರನೆಯವರು ಹೆಣ್ಣಿನ ಕಡೆಯವರಂತೆ, ನಾನು ಯಾರೆಂದೇ ಅವರಿಗೆ ತಿಳಿಯಲಿಲ್ಲ.

ಮೂರು ಊರು, ಅರವತ್ತೈದು ಜನ, ಉಳಿದವರು ಸೊನ್ನೆ. ಪ್ರಕಾಶ ಈಗ ಭಾನುವಾರಗಳಲ್ಲಿ ಏನೇನು ಮಾಡಬಹುದೆಂದು ನನ್ನೆದುರೇ ಯೋಚಿಸಲು ಶುರು ಮಾಡಿದ್ದ. ಪಟ್ಟಿಯಲ್ಲಿ ಅವನ ಚಿಕ್ಕಮ್ಮನ ಮನೆ ಮೂರು ಸಲ ಬಂದಿತ್ತು.

ಹೀಗಿರಲು ಸೆಪ್ಟೆಂಬರ್ ಮೊದಲ ವಾರ ಒಂದು ಘಟನೆ ನಡೆಯಿತು. ಶಾಂತಿಗ್ರಾಮ ಹೋಬಳಿಯ ಒಂದು ಊರಿನ ಕೆರೆಯ ಬಗ್ಗೆ ನಾನು ಹಿಂದೆ ಒಂದು ಪುಟ ಬರೆದಿದ್ದೆ. ಊರಿನ ಹೆಸರು ಹೇಳುವುದಿಲ್ಲ, ಹೇಳಿದರೆ ಈ ಬರಹವನ್ನೂ ತಿದ್ದಲು ಅಲ್ಲಿಂದ ಜನ ಬರುತ್ತಾರೆ. ಕೆರೆಯ ನೀರನ್ನು ಗದ್ದೆಗೆ ಬಿಡಲು ಅಲ್ಲಿ ಒಂದು ತೂಬು ಇದೆ ಎಂದು, ಅಚ್ಚಾದ ಒಂದು ಕಿರುಹೊತ್ತಿಗೆ ನೋಡಿ ನಾನೇ ಬರೆದಿದ್ದೆ. ಯಾರೋ ರಾಜಣ್ಣ ಎಂಬುವರು ಬಂದು ಅದನ್ನು ಅಳಿಸಿ, "ನಮ್ಮೂರ ಕೆರೆಗೆ ಎರಡು ತೂಬು. ಚಿಕ್ಕ ತೂಬಿನ ಕೆಳಗಿನ ಗದ್ದೆಯ ಭತ್ತ ರುಚಿ" ಎಂದು ಬರೆದರು.

ಆಕರ ಎಲ್ಲಿ? ಯಾವ ಪುಸ್ತಕ, ಯಾವ ಪುಟ? ಏನೂ ಇಲ್ಲ. ನಾಲ್ಕೇ ನಿಮಿಷದಲ್ಲಿ ಅದನ್ನು ಕಿತ್ತುಹಾಕಿ, ಅವರ ಪುಟದಲ್ಲಿ ಕೆಂಪು ತ್ರಿಕೋನವಿರುವ ಸಿದ್ಧ ಎಚ್ಚರಿಕೆಯೊಂದನ್ನು ಅಂಟಿಸಿದೆ. ಅವರು ಮತ್ತೆ ಬರೆದರು. ಎರಡನೇ ಎಚ್ಚರಿಕೆ. ಮತ್ತೆ ಬರೆದರು. ಮೂರನೆಯದು. ನಾಲ್ಕನೆಯದರಲ್ಲಿ, "ಸೂಕ್ತ ಪುರಾವೆ ಒದಗಿಸದೆ ಮುಂದುವರಿದಲ್ಲಿ ತಮ್ಮ ಮೇಲೆ ಕ್ರಮ ಜರುಗಿಸಲಾಗುವುದು" ಎಂದಿತ್ತು. ವಿಶ್ವಕೋಶದ ಗೌರವ ಉಳಿಸಿದ ಹೆಮ್ಮೆಯಲ್ಲಿ ಪ್ರಕಾಶನಿಗೂ ತೋರಿಸಿದೆ.

ಅವನು ಎರಡು ಸಲ ಓದಿದ. "ಹೊಸಬರು ಬೇಕು ಅಂತ ಪುಳಿಯೋಗರೆ ಹೊತ್ಕೊಂಡು ಊರೂರು ಸುತ್ತಿದೆ. ಕರೀದೆ ಬಂದೋನಿಗೆ ನಾಲ್ಕು ನೋಟಿಸ್ ಕೊಟ್ಟಿದೀಯ."

"ನಿಯಮ ರೀ."

"ಆಯ್ತು ಬಿಡು. ದೀಪಾವಳಿಗೆ ಆರು ವಾರ ಇದೆ. ಚಿಕ್ಕಮ್ಮಂಗೆ ಹೇಳ್ಲಾ?"

ಸೆಪ್ಟೆಂಬರ್ ೧೪, ಭಾನುವಾರ, ಬೆಳಿಗ್ಗೆ ಹನ್ನೊಂದು ಗಂಟೆ ಐದು ನಿಮಿಷ. ಮನೆ ಮುಂದೆ ಒಂದು ಲಗೇಜ್ ಆಟೊ ನಿಂತಿತು. ಐದು ಜನ ಇಳಿದರು. ಮುಂದೆ ಬಿಳಿ ಅಂಗಿಯ ಹಿರಿಯರೊಬ್ಬರು, ಕಂಕುಳಲ್ಲಿ ದಾರ ಕಟ್ಟಿದ ಫೈಲು, ಕೈಯಲ್ಲಿ ಬಸ್ ನಿಲ್ದಾಣದಿಂದ ಕಿತ್ತುಕೊಂಡ ನನ್ನ ಕರಪತ್ರ.

"ನೋಟಿಸ್ ಕೊಟ್ಟಿರೋ ಸುಧಾ ಮೇಡಂ ಮನೆ ಇದೇನಾ? ನಾನು ರಾಜಣ್ಣ ಅಂತ, ನಮ್ಮೂರ ಹಾಲಿನ ಡೇರಿ ಸೆಕ್ರೆಟ್ರಿ. ನೋಟಿಸಿಗೆ ಉತ್ರ ತಂದಿವ್ನಿ. ವಾಯ್ದೆ ಮೀರಿಲ್ಲ ತಾನೆ?"

ಐವರನ್ನೂ ಒಳಗೆ ಕರೆದೆ. ಅವರು ಕೂತು ನೀರು ಕುಡಿದು ವಿವರಿಸಿದರು. ಕೆಂಪು ತ್ರಿಕೋನ ನೋಡಿ ಅವರಿಗೆ ಎರಡು ದಿನ ಊಟ ಸೇರಿರಲಿಲ್ಲ. ನಾಲ್ಕೂ ಎಚ್ಚರಿಕೆಗಳನ್ನು ಪ್ರಿಂಟ್ ತೆಗೆಸಿಕೊಂಡು ಚನ್ನರಾಯಪಟ್ಟಣದ ಪರಿಚಯದ ವಕೀಲರ ಬಳಿ ಹೋಗಿದ್ದರು.

"ಪುರಾವೆ ಕೇಳವ್ರೆ, ಸುಮ್ಕಿದ್ರೆ ತಪ್ಪೊಪ್ಕಂಡಂಗೆ ಆಯ್ತದೆ ಕಣಯ್ಯ, ಸ್ಥಳ ಮಹಜರು ಮಾಡಿಸ್ಕಂಡು ಓಗು ಅಂದ್ರು ಲಾಯರು. ಮಾಡ್ಸಿವ್ನಿ, ನೋಡಿ."

ಫೈಲಿನಿಂದ ಒಂದು ಹಾಳೆ ಹೊರಬಂತು. ನಮ್ಮ ಕಡೆ ಜಮೀನಿನ ಬದು ಒತ್ತುವರಿಯಾದರೂ, ಮರ ಬಿದ್ದರೂ, ಐದು ಜನ ಪಂಚರು ಸ್ಥಳಕ್ಕೆ ಹೋಗಿ ನೋಡಿ ಬರೆದುಕೊಡುವುದು ರೂಢಿ. ಆದರೆ ವಿಶ್ವಕೋಶದ ಒಂದು ಸಾಲಿಗೆ ಮಹಜರು ಆದದ್ದು ಪ್ರಾಯಶಃ ಇದೇ ಮೊದಲು! "ಈ ಕೆಳಗೆ ಸಹಿ ಮಾಡಿರುವ ಪಂಚರಾದ ನಾವು ಖುದ್ದು ಕೆರೆ ಏರಿಯ ಮೇಲೆ ನಡೆದು ನೋಡಲಾಗಿ, ಸದರಿ ಕೆರೆಗೆ ತೂಬುಗಳು ಎರಡು ಇರುವುದು ಕಂಡುಬಂದಿರುತ್ತದೆ. ಯಾರ ಬಲವಂತಕ್ಕೂ ಒಳಗಾಗದೆ ಬರೆದುಕೊಟ್ಟ ಮಹಜರು ಸರಿ." ಕೆಳಗೆ ಚೆಕ್ಕುಬಂದಿ. ಪೂರ್ವಕ್ಕೆ ಸ್ಮಶಾನ, ಪಶ್ಚಿಮಕ್ಕೆ ಜಯಮ್ಮನವರ ಗದ್ದೆ. ಅದರ ಕೆಳಗೆ ನಾಲ್ಕು ಸಹಿ, ಒಂದು ಹೆಬ್ಬೆಟ್ಟು. ಸಹಿಗಳಲ್ಲಿ ಒಂದು ರಾಜಣ್ಣನದೇ ಆಗಿತ್ತು. ಐದನೇ ಪಂಚ ತೋಟಕ್ಕೆ ನೀರು ಕಟ್ಟಲು ಹೋಗಿದ್ದನಂತೆ.

"ಮಹಜರು ಆಕರ ಆಗಲ್ಲ ಅಣ್ಣ," ಎಂದೆ ಮೆಲ್ಲಗೆ. "ಅಚ್ಚಾದ ಪುಸ್ತಕದಲ್ಲಿ ಇರಬೇಕು."

"ಅಚ್ಚಾಗ್ಬುಟ್ರೆ ನಿಜವಾ ಅವ್ವ? ಒಂದೇ ತೂಬು ಅಂತ ಬರ್ದೋರೂ ಅಚ್ಚಾದ್ದು ನೋಡೇ ಬರ್ದಿರ್ಬೇಕಲ್ಲ."

ಹೆಬ್ಬೆಟ್ಟಿನ ಒಡತಿ ಜಯಮ್ಮ ಇಷ್ಟು ಹೊತ್ತು ನನ್ನ ಗೋಡೆಯ ಕ್ಯಾಲೆಂಡರ್ ನೋಡುತ್ತ ಕೂತಿದ್ದವರು ತಿರುಗಿದರು. ಅವರ ಮಾವ ಆ ಕೆರೆಯ ನೀರುಗಂಟಿಯಾಗಿದ್ದರು. ಯಾವ ಗದ್ದೆಗೆ ಯಾವಾಗ ನೀರು ಬಿಡಬೇಕೆಂಬ ಸರದಿ ನಡೆಸಿದ ಮನೆತನ. "ಯಾರವ್ವ ಅದ್ನ ಬರ್ದೋರು? ನಮ್ಮೂರ್ನ ಕಣ್ಣಲ್ಲಿ ಕಂಡೋರಾ?"

ನಾನು ಫ್ಯಾನಿನ ರೆಕ್ಕೆ ಎಣಿಸತೊಡಗಿದೆ. ಮೂರಿದ್ದವು.

"ಇವ್ಳೇ," ಎಂದ ಪ್ರಕಾಶ, ಟೀ ತಟ್ಟೆಯನ್ನು ಜೋಪಾನವಾಗಿ ಮುಂದೆ ಹಿಡಿಯುತ್ತ.

ಜಯಮ್ಮ ಟೀ ತೆಗೆದುಕೊಂಡು, ಇನ್ನೂ ಏನೇನು ಬರೆದಿದ್ದೀಯ ಓದು ಎಂದರು. ಓದಿದೆ. ಎರಡನೇ ಸಾಲಿಗೆ ರಾಜಣ್ಣ ತಡೆದರು. ಮೂರನೇ ಸಾಲಿಗೆ, ಪಂಚರಲ್ಲಿ ಒಬ್ಬರಾದ ನಿವೃತ್ತ ಮೇಷ್ಟ್ರು ರಾಜಣ್ಣನನ್ನೇ ತಡೆದರು. ಚಿಕ್ಕ ತೂಬು ಮೊದಲು ತೆಗೆಯುತ್ತಿದ್ದರೋ, ದೊಡ್ಡ ತೂಬೋ ಎಂಬಲ್ಲಿ ಉಳಿದಿಬ್ಬರು ಪಂಚರು, ಲೈನ್‌ಮನ್ ಒಬ್ಬರು, ಟೈಲರ್ ಒಬ್ಬರು, ಆಚೆಗೊಬ್ಬರು ಈಚೆಗೊಬ್ಬರಾಗಿ ಒಡೆದರು. ಐವರೂ ಒಟ್ಟಿಗೆ ಸಹಿ ಹಾಕಿದ ಮಹಜರು ನಡುವೆ ಬಿದ್ದಿತ್ತು. ಅದರ ಮೇಲೆ ಟೀ ಲೋಟ ಇಟ್ಟು ಜಗಳ ಮುಂದುವರಿಯಿತು. ನಾನು ಎಣಿಸಿದಂತೆ ಹದಿನಾರು ಲೋಟ ಟೀ.

ಕೊನೆಗೆ ಮೇಷ್ಟ್ರಿಗೆ ನೆನಪಾಯಿತು. ಊರ ಶಾಲೆಯ ಅಮೃತ ಮಹೋತ್ಸವಕ್ಕೆ ತಂದ ಸ್ಮರಣ ಸಂಚಿಕೆಯಲ್ಲಿ, ತೀರಿಕೊಂಡ ಹೆಡ್‌ಮಾಸ್ಟರೊಬ್ಬರು ಕೆರೆಯ ಬಗ್ಗೆ ಬರೆದಿದ್ದರಂತೆ. ಮಗನಿಗೆ ಫೋನ್ ಮಾಡಿ, ಬೀರುವಿನಿಂದ ತೆಗೆಸಿ, ಫೋಟೋ ತರಿಸಿಕೊಂಡರು. ಪುಟ ಮೂವತ್ತೇಳು. ಎರಡು ತೂಬು. ಅಳತೆ ಸಮೇತ.

ಎರಡು ವರ್ಷದಲ್ಲಿ ಮೊದಲ ಸಲ ನಾನು ಬರೆದ ಸಾಲನ್ನು ನಾನೇ ಅಳಿಸಿದೆ. ರಾಜಣ್ಣ ಪಕ್ಕದಲ್ಲಿ ಕೂತು ತಮ್ಮ ಖಾತೆಯಿಂದ "ಎರಡು ತೂಬು" ಎಂದು ಒತ್ತಿದರು. ಕೆಳಗೆ ಪುಟ ಮೂವತ್ತೇಳನ್ನು ಸೇರಿಸಲು ನಾನು ತೋರಿಸಿಕೊಟ್ಟೆ. ಸಾಲು ಉಳಿಯಿತು. ಅವರು ಕನ್ನಡಕ ತೆಗೆದು ಒರೆಸಿಕೊಂಡರು.

ಜಯಮ್ಮನ ಕಣ್ಣು ಪರದೆಯ ಮೇಲಿತ್ತು. "ಇದ್ನ ಯಾರು ಬರ್ದಿದ್ದು ಅಂತ ಎಸ್ರು ಬತ್ತದಾ?"

"ಬರುತ್ತೆ ಜಯಮ್ಮಾ. ಪ್ರತಿ ಅಕ್ಷರಕ್ಕೂ ಯಾರು, ಯಾವಾಗ ಅಂತ ಇರುತ್ತೆ."

"ಅಂಗಾದ್ರೆ ನಂಗೂ ಒಂದ್ ಮಾಡ್ಕೊಡು. ನೀರಿನ ಸರದಿ ನಮ್ಮನೆ ಮಾತು. ಅದು ಮೇಷ್ಟ್ರೆಸ್ರಲ್ಲಿ ಓಗದು ಬ್ಯಾಡ."

ಜಯಮ್ಮನಿಗೆ ಮಾಡಿದ ಮೇಲೆ ಮೇಷ್ಟ್ರು ಬಿಡುತ್ತಾರೆಯೇ? ಮೇಷ್ಟ್ರಿಗಾದ ಮೇಲೆ ಉಳಿದಿಬ್ಬರು? ನಾಲ್ಕು ಹೊಸ ಖಾತೆ. ಯಂತ್ರದ ಮಿತಿ ಆರು. ಆ ದಿನ ಯಂತ್ರವೂ ನನ್ನ ಕಡೆ ಇತ್ತು.

ಮರುದಿನ ಲ್ಯಾಬಿನಲ್ಲಿ, ಊಟದ ಬಿಡುವಿನಲ್ಲಿ, ಒಂದು ಲೆಕ್ಕ ಮಾಡಲು ಕೂತೆ. ವಿಶ್ವಕೋಶದಲ್ಲಿ ಎಲ್ಲದಕ್ಕೂ ಇತಿಹಾಸವಿದೆ. ನನ್ನ ನೂರ ಇಪ್ಪತ್ತಾರು ಪುಟಗಳಲ್ಲಿ ಎರಡು ವರ್ಷಕ್ಕೆ ಎಷ್ಟು ಹೊಸಬರು ತಾವಾಗಿ ಬಂದು ಏನಾದರೂ ಬರೆದಿದ್ದರು? ರಾಜಣ್ಣನಲ್ಲದೆ ಮೂವತ್ತೊಂದು ಜನ. ಅಷ್ಟು ಜನ ಬಂದಿದ್ದರು! ಅವರ ಮೊದಲ ಸಾಲನ್ನು ಅಳಿಸಿದವರು ಯಾರು ಎಂದು ಇನ್ನೊಂದು ಕಾಲಂ ಎಳೆದೆ. ಇಪ್ಪತ್ತೊಂಬತ್ತು ನಾನು. ಇನ್ನೆರಡು ಅವರೇ ಅಳಿಸಿಕೊಂಡದ್ದು, ಬಹುಶಃ ನನ್ನನ್ನು ಕಂಡು. ಮಲ್ಲಿಪಟ್ಟಣದ ಪುಟದಲ್ಲಿ ಯಾರೋ ತಮ್ಮೂರಿನ ಸಂತೆ ಯಾವ ವಾರ ಎಂದು ಬರೆದಿದ್ದರು. ಅದಕ್ಕೂ ಕೆಂಪು ತ್ರಿಕೋನ. ಎರಡು ವರ್ಷದಿಂದ ಇನ್ನೊಬ್ಬರು ಯಾಕೆ ಬಂದಿಲ್ಲ ಎಂಬ ಪ್ರಕಾಶನ ಪ್ರಶ್ನೆಗೆ ಉತ್ತರ ಸಿಕ್ಕಿತ್ತು. ಬುತ್ತಿಯ ಚಿತ್ರಾನ್ನ ಹಾಗೇ ಉಳಿಯಿತು.

ಮುಂದಿನ ಭಾನುವಾರ ಬಸ್ ಹತ್ತಿ ಆ ಊರಿಗೆ ಹೋದೆ. ಸಂಜೆ, ಡೇರಿಯ ಹೊತ್ತು. ಕ್ಯಾನು, ಬಕೆಟ್ಟು ಹಿಡಿದ ಸಾಲು. ಒಬ್ಬೊಬ್ಬರೂ ಹಾಲು ಸುರಿಯುತ್ತಾರೆ, ಫ್ಯಾಟ್ ಎಷ್ಟೆಂದು ರಾಜಣ್ಣ ಅಲ್ಲೇ ಹೇಳುತ್ತಾರೆ, ಚೀಟಿ ಕೊಡುತ್ತಾರೆ. ಒಬ್ಬರ ಹಾಲು ತೆಳ್ಳಗಿತ್ತು. ರಾಜಣ್ಣ ಹಾಲು ಚೆಲ್ಲಲಿಲ್ಲ, ಕೆಂಪು ತ್ರಿಕೋನ ತೋರಿಸಲಿಲ್ಲ. ಪಕ್ಕಕ್ಕೆ ಕರೆದು, ಹಸುವಿಗೆ ಹಿಂಡಿ ಎಷ್ಟು ಹಾಕುತ್ತೀಯ ಎಂದು ಕೇಳಿದರು. ಆತ ನಾಳೆಯೂ ಬರುತ್ತಾನೆ ಎಂಬುದು ಅವನು ಹೋದ ರೀತಿಯಲ್ಲೇ ಗೊತ್ತಾಗುತ್ತಿತ್ತು. ಇದು ಗೊತ್ತಿಲ್ಲದೆ ನಾನು ಎರಡು ಗಂಟೆ ಹತ್ತು ನಿಮಿಷದ ಭಾಷಣ ಮಾಡಿದ್ದೆ!

ನನ್ನ ಮೂವತ್ತೊಂದು ಜನರ ಪಟ್ಟಿಯನ್ನು ಅವರ ಮುಂದಿಟ್ಟೆ. ರಾಜಣ್ಣ ಅದನ್ನು ನಿಧಾನವಾಗಿ ಓದಿ, ಹಾಲು ತಂದಿದ್ದ ಜಯಮ್ಮನಿಗೂ ಕೇಳಿಸಿದರು.

"ಬಂದೋರ್ಗೆ ಒಂದ್ ಲೋಟ ನೀರೂ ಕೊಡ್ದೆ ಬಾಗ್ಲಾಕಿದೀಯಲ್ಲವ್ವ," ಎಂದರು ಜಯಮ್ಮ. ಬೈಗುಳವಾಗಿದ್ದರೆ ತಡೆದುಕೊಳ್ಳಬಹುದಿತ್ತು.

ಡೇರಿಯ ಜಗಲಿಯ ಮೇಲೆಯೇ ಎರಡನೇ ಮಹಜರು ಆಯಿತು. "ಸದರಿ ಸುಧಾ ಎಂಬುವರು ಹೊಸಬರ ಬರಹವನ್ನು ಎಂಟು ದಿನ ಮುಟ್ಟತಕ್ಕದ್ದಲ್ಲ. ಅಷ್ಟರೊಳಗೆ ಅವರನ್ನು ಮಾತನಾಡಿಸಿ, ಆಕರ ಹುಡುಕಲು ಜೊತೆಯಾಗತಕ್ಕದ್ದು." ಐವರು ಪಂಚರ ಕೆಳಗೆ ನಾನೂ ಸಹಿ ಹಾಕಿದೆ. ಲಾಯರನ್ನು ಕೇಳುವ ಅಗತ್ಯ ಕಾಣಲಿಲ್ಲ. ಅದೇ ವಾರ ಮೂವತ್ತೊಂದು ಜನರಿಗೂ ಒಂದೊಂದು ಕ್ಷಮೆಯ ಪತ್ರ ಬರೆದೆ. ಇಬ್ಬರು ಉತ್ತರಿಸಿ, ಮತ್ತೆ ಬರೆಯತೊಡಗಿದರು. ಒಬ್ಬರು ಮಲ್ಲಿಪಟ್ಟಣದ ಸಂತೆಯವರು.

ಅಲ್ಲಿಂದ ಮುಂದೆ ನಾನು ಏನನ್ನೂ ಮಾಡಬೇಕಾಗಲಿಲ್ಲ. ಪ್ರತಿ ಸಂಜೆ ಹಾಲು ಸುರಿದ ಮೇಲೆ ಐವರೂ ಅದೇ ಜಗಲಿಯಲ್ಲಿ ಕೂರುತ್ತಿದ್ದರು. ಜಯಮ್ಮ ಫೋನಿಗೆ ಬಾಯಲ್ಲಿ ಹೇಳುತ್ತಾರೆ, ಅದು ಬರೆದುಕೊಳ್ಳುತ್ತದೆ. ಮೇಷ್ಟ್ರು ಅದನ್ನು ತಿದ್ದುತ್ತಾರೆ. ಜಯಮ್ಮ ಮೇಷ್ಟ್ರ ತಿದ್ದುಪಡಿಯನ್ನು ತಿದ್ದಿಸುತ್ತಾರೆ. ಪುರಾವೆಗಾಗಿ ಲೈನ್‌ಮನ್ ಹಾಸನದ ಲೈಬ್ರರಿಗೆ ಹೋಗಿ ಬರುತ್ತಾರೆ. ಯಾವ ತೂಬು ಮೊದಲು ತೆಗೆಯುತ್ತಿದ್ದರು ಎಂಬ ಜಗಳ ಮುಗಿಯಲಿಲ್ಲ. ಮುಗಿಯದಿರಲಿ ಎಂದು ನಾನು ಮನೆದೇವರಿಗೆ ಹರಕೆ ಹೊತ್ತೆ.

ನರಕ ಚತುರ್ದಶಿಯ ಬೆಳಿಗ್ಗೆ, ತಲೆಗೆ ಎಣ್ಣೆ ಹಚ್ಚಿಕೊಂಡೇ ದಿನಚರಿ ತೆರೆದೆ. ಐವರು, ಐದು ವಾರ, ಒಂದು ವಾರವೂ ತಪ್ಪಿಲ್ಲ. ಹದಿನಾಲ್ಕು ಪುಟ ಹೊಸದು, ಎಲ್ಲಕ್ಕೂ ಆಕರ ಇದೆ. ಅದರ ಮೇಲೆ ಪತ್ರಕ್ಕೆ ಉತ್ತರಿಸಿದ ಆ ಇಬ್ಬರು ಬೇರೆ! ಪ್ರಕಾಶ ಎಣ್ಣೆ ಬಟ್ಟಲು ಕೆಳಗಿಟ್ಟು ಪ್ರತಿಯೊಂದು ಹೆಸರನ್ನೂ ಪರಿಶೀಲಿಸಿದ. ಆಮೇಲೆ ಚಿಕ್ಕಮ್ಮನಿಗೆ ಫೋನ್ ಮಾಡಿ, ಇನ್ನು ಭಾನುವಾರ ಬರುವುದು ಕಷ್ಟ ಎಂದು ತಿಳಿಸಿದ. ದೇಶವೇ ನನ್ನ ವಿಜಯಕ್ಕೆ ಪಟಾಕಿ ಹೊಡೆಯುತ್ತಿದೆ ಎಂದು ನನಗೆ ಆ ಗಳಿಗೆಯಲ್ಲಿ ಅನ್ನಿಸಿದ್ದು ನಿಜ.

ಅಕ್ಟೋಬರ್ ೨೬, ಭಾನುವಾರ. ಗೆದ್ದ ಮೇಲಿನ ಮೊದಲ ಸವಾರಿ, ಕೊರವಂಗಲದ ಗುಡಿಗೆ. ಏಳು ಗಂಟೆಗೆ ಕ್ಯಾಮೆರಾ ಕೊರಳಿಗೆ ಹಾಕಿಕೊಂಡು, ಹೆಲ್ಮೆಟ್ ಹಿಡಿದು ಹೊರಬಂದೆ. ಬೈಕಿನ ಹಿಂದಿನ ಸೀಟಿನಲ್ಲಿ ರಾಜಣ್ಣ ಕೂತಿದ್ದರು. ಹೆಲ್ಮೆಟ್ಟಿನ ಪಟ್ಟಿಯನ್ನೂ ಬಿಗಿದುಕೊಂಡಾಗಿತ್ತು.

"ಶಾಸನ ಓದೋರೊಬ್ರು ಅಲ್ಲಿ ಕಾಯ್ತಾವ್ರೆ ಕಣವ್ವ, ನಂಗೆ ಪರಿಚ್ಯ. ಮುಂದಿನ್ ವಾರ ಜಯಮ್ಮಂದು ಸರದಿ, ಆಚೆ ವಾರ ಮೇಷ್ಟ್ರುದು."

ನಾನು ಪ್ರಕಾಶನ ಮುಖ ನೋಡಿದೆ.

"ಕರಾರು ಓದ್ಕೊ," ಎಂದ ಅವನು, ಕಿಕ್ ಹೊಡೆಯುತ್ತ. "ಹಿಂದಿನ ಸೀಟು ವಿಶ್ವಕೋಶದ ಬರಹಗಾರರಿಗೆ ಅಂತ ಇದೆ. ಸುಧಾಗೆ ಅಂತ ಎಲ್ಲಿದೆ?"

ಕರಾರು ಬರೆಯುವಾಗ ಬರಹಗಾರರು ಎಂದರೆ ನಾನೊಬ್ಬಳೇ ಆಗಿದ್ದೆ. ಇಷ್ಟು ಜನ ನಿಜವಾಗಿ ಬಂದುಬಿಡುತ್ತಾರೆಂದು ಯಾರಿಗೆ ಗೊತ್ತಿತ್ತು? ಕ್ಯಾಮೆರಾ ಬಿಚ್ಚಿ ರಾಜಣ್ಣನ ಕೊರಳಿಗೆ ಹಾಕಿದೆ. ಬೈಕು ತಿರುವಿನಲ್ಲಿ ಮರೆಯಾಯಿತು. ನಾನು ಬಸ್ ನಿಲ್ದಾಣಕ್ಕೆ ನಡೆದು, ಕಲ್ಲು ಬೆಂಚಿನ ಮೇಲೆ ಕೂತು ಆ ದಿನದ ಲೆಕ್ಕ ಬರೆದೆ.

ಬಂದವರು ಏಳು. ಉಳಿದವರು ಏಳು. ನಾನು ಕಲಿಸಿ ಉಳಿಸಿದವರು ಸೊನ್ನೆ. ಬೈಕಿನಲ್ಲಿ ನನ್ನ ಸರದಿ, ಎಂಟನೇ ಭಾನುವಾರ.